ಲೆಕ್ಕದ ಕಿಟಕಿ

ಶ್ರೀಪತಿ ಅಂಕಲ್ ಊಟಕ್ಕೆ ಕರೆದವರನ್ನು ನೇರವಾಗಿ ಒಳಗೆ ಬಿಡುತ್ತಿರಲಿಲ್ಲ. ಮೊದಲು ರಸ್ತೆ ದಾಟಿಸಿ, ಎದುರಿನ ಫುಟ್‌ಪಾತಿನಲ್ಲಿ ನಿಲ್ಲಿಸಿ, ಮನೆಯ ಮುಖ ತೋರಿಸುತ್ತಿದ್ದರು. ಶಿಕಾಗೋದ ಜನವರಿ, ಹತ್ತು ಡಿಗ್ರಿ ಫ್ಯಾರನ್‌ಹೀಟಿನ ಹೆಪ್ಪುಗಟ್ಟಿಸುವ ಚಳಿ, ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ಪಾತ್ರೆ. ಅದು ತಣ್ಣಗಾದರೂ ಸರಿ, ನನ್ನ ಮೂಗು ಉದುರಿದರೂ ಸರಿ.

“ನೋಡಮ್ಮ, ನಡುಮಧ್ಯ ಬಾಗಿಲು. ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಜಾರ್ಜಿಯನ್ ಅಂದ್ರೆ ಇದು! ಇಂಗ್ಲೆಂಡಿನ ಜಾರ್ಜ್ ದೊರೆಗಳ ಕಾಲದ ಸ್ಟೈಲು. ನಿಮ್ಮ ಹೊಸ ಬಡಾವಣೇಲಿರೋದು ಮನೆಗಳಾ? ಗ್ಯಾರೇಜಿಗೆ ಬೆಡ್‌ರೂಮ್ ಅಂಟಿಸಿದಾರೆ.”

ನಾನು ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳಿಗೆ ನಕ್ಷೆ ಬರೆಯುವ ಆರ್ಕಿಟೆಕ್ಟ್. ಅವರ ಬಾಯಲ್ಲಿ “ಡಬ್ಬ ಡಿಸೈನ್ ಮಾಡೋಳು”. ಆದರೆ ಆ ಮುಖದ ಬಂಡವಾಳ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಹಿಂದಿದ್ದದ್ದು ಒಂದು ಹಳೆಯ ಸೊಟ್ಟ ಇಟ್ಟಿಗೆ ಮನೆ. ಯಾವನೋ ಹಣವಂತ ಆಮೇಲೆ ಅದರ ಮುಂದೆ ಈ ಚೆಂದದ ಗೋಡೆ ಅಂಟಿಸಿದ್ದ. ಮುಖಕ್ಕೂ ಮೈಗೂ ತಾಳೆಯೇ ಇಲ್ಲ. ಮಹಡಿಯ ಕಿಟಕಿಗಳು ಒಳಗೆ ಮೊಣಕಾಲಿನ ಮಟ್ಟಕ್ಕಿದ್ದವು; ಹೊರಗೆ ನೋಡಬೇಕೆಂದರೆ ನೆಲದ ಮೇಲೆ ಕೂರಬೇಕು. ಅದಕ್ಕೂ ಅಂಕಲ್ ಬಳಿ ಸಮಜಾಯಿಷಿ ಸಿದ್ಧ: “ದೊರೆಗಳು ಹೊರಗೆ ನೋಡ್ತಿರ್ಲಿಲ್ಲಮ್ಮ. ಜನ ಅವರ ಮನೆ ನೋಡ್ತಿದ್ರು.”

ಕೆಳಗೆ ಬಲತುದಿಯಲ್ಲಿದ್ದದ್ದಂತೂ ಕಿಟಕಿಯೇ ಅಲ್ಲ. ಎಡಗಡೆಗೆ ಸಮನಾಗಲೆಂದು ಬರೀ ಗೋಡೆಯ ಮೇಲೆ ಚೌಕಟ್ಟು ಕೂರಿಸಿ, ಗಾಜಿನ ಜಾಗಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಗೃಹಪ್ರವೇಶಕ್ಕೆ ಮೊದಲು ಮೈಸೂರಿನ ಪುರೋಹಿತರು ಫೋನಿನಲ್ಲಿ, ಕಿಟಕಿಗಳ ಸಂಖ್ಯೆ ಸಮ ಇರಬೇಕು ಎಂದರಂತೆ. ಎಣಿಸಿದರೆ ಒಂದು ಕಡಿಮೆ. ಅಂಕಲ್ ಈ ಕುರುಡು ಕಿಟಕಿಯನ್ನೂ ಸೇರಿಸಿ, ಸಮವಾಗಿದೆ ಎಂದು ಒಪ್ಪಿಸಿಬಿಟ್ಟರು. ವಾಸ್ತುಪುರುಷನಿಗೇ ಟೋಪಿ ಹಾಕಿದ ಮಹಾನುಭಾವರು!

ಮುಂದೆ ಅವರ ಹೆಂಡತಿ ಲಲಿತಾ ಆಂಟಿಗೆ ಮಂಡಿ ಕೈಕೊಟ್ಟು ಮಹಡಿ ಹತ್ತಲಾಗದಾಯಿತು. ಮಂಚ ಇಳಿದು ಬಂದದ್ದು ಆ ಕುರುಡು ಕಿಟಕಿಯ ಹಿಂದಿನ ಕೋಣೆಗೇ. ಅಲ್ಲಿ ಹಗಲಿನಲ್ಲೂ ದೀಪ ಬೇಕು. ಒಂದು ದಿನ ನನ್ನೆದುರೇ ಆಂಟಿ ಗಂಡನನ್ನು ಕೇಳಿದರು: “ರಸ್ತೇಲಿ ಹೋಗೋರಿಗೆ ಇಲ್ಲಿ ಕಿಟಕಿ, ನನಗೆ ಗೋಡೆ. ಒಡೆಸಿ ಗಾಜು ಹಾಕ್ಸಿ. ಪುರೋಹಿತರ ಹತ್ರ ಹೇಗೂ ಕಿಟಕಿ ಅಂತ ಹೇಳಿದೀರಲ್ಲ, ಎಣಿಕೆ ಏನೂ ಬದಲಾಗಲ್ಲ.”

“ಅದು ಲೆಕ್ಕಕ್ಕೆ ಕಿಟಕಿ ಕಣೇ, ಗಾಳಿಗಲ್ಲ!”

ಹಳೆಯ ಕಟ್ಟಡ, ಪರ್ಮಿಟ್ ಬೇಕು. ನಾನೇ ಅಪ್ಲೈ ಮಾಡುತ್ತೇನೆ, ಹೊರಗಿನ ಅಂದ ಕೂದಲೆಳೆಯಷ್ಟೂ ಕೆಡುವುದಿಲ್ಲ ಎಂದೆ. ಅಂಕಲ್ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. “ನೀನಾದ್ರೂ ಅರ್ಥ ಮಾಡ್ಕೋಬೇಕು. ಗಾಜು ಹಾಕಿದ್ರೆ ಆ ವಾಕರ್ರು, ಕಮೋಡ್ ಕುರ್ಚಿ ಎಲ್ಲ ರಸ್ತೆಗೆ ಕಾಣುತ್ತೆ. ಆ ಮುಖಕ್ಕೆ ಅದು ಒಪ್ಪುತ್ತಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ಮುಖಕ್ಕೇ ಹೇಳಿಬಿಡುತ್ತಿದ್ದೆ. ಆದರೆ ಅದೇ ಮನುಷ್ಯ ಸಂಜೆಯಾದರೆ ಆ ಕತ್ತಲ ಕೋಣೆಯಲ್ಲಿ ನೆಲದ ಮೇಲೆ ಕೂತು, ಹೆಂಡತಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಪ್ರೀತಿ ಇರಲಿಲ್ಲ ಎನ್ನಲಾರೆ. ಇದ್ದ ಪ್ರೀತಿಯೂ ಗೋಡೆಯ ಹಿಂದೆಯೇ ಇರಬೇಕಿತ್ತು, ಅಷ್ಟೇ.

ನಾಲ್ಕು ದಿನಕ್ಕೆಂದು ಆನ್ ಆರ್ಬರ್ ಊರಿನಲ್ಲಿದ್ದ ಮಗಳ ಮನೆಗೆ ಹೋದ ಆಂಟಿ ವಾಪಸಾಗಲಿಲ್ಲ. ಅದು ನೆಲಮಹಡಿಯ ಸಾಧಾರಣ ಅಪಾರ್ಟ್‌ಮೆಂಟು. ಕಿಟಕಿಯಾಚೆ ಪಾರ್ಕಿಂಗ್ ಲಾಟು, ಕಸದ ಡಬ್ಬಿ, ಬಿಸಿಲು. ನಾನು ಅವರನ್ನು ನೋಡಲು ಹೋಗಿದ್ದ ಭಾನುವಾರ ಅಂಕಲ್ ಕೂಡ ಶಿಕಾಗೋದಿಂದ ಡ್ರೈವ್ ಮಾಡಿಕೊಂಡು ಬರುವವರಿದ್ದರು. ಆಂಟಿ ಬೆಳಗ್ಗೆಯೇ ತಲೆ ಬಾಚಿ ಹೂವಿನ ಸೀರೆ ಉಟ್ಟು ಕಿಟಕಿಯ ಬಳಿ ಕೂತಿದ್ದರು. ನಾನು ಅಂಕಲ್‌ರನ್ನು ಕೊನೆಯ ಸಲ ನೋಡಿದ್ದು ಅಂದೇ.

ಕಾರು ಬಂತು. ಆಂಟಿ ಗಾಜಿನ ಹಿಂದೆ ಕೈ ಎತ್ತಿದರು. ಅಂಕಲ್ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಕಟ್ಟಡವನ್ನು ಮೇಲಿನಿಂದ ಕೆಳಗೆ ನೋಡಿದರು. ಒಂದು ಮೂಲೆಯಲ್ಲಿ ಬಾಗಿಲು, ಅಡ್ಡಾದಿಡ್ಡಿ ಬಾಲ್ಕನಿಗಳು. ಮುಖ ಸಿಂಡರಿಸಿದರು. ಎತ್ತಿದ ಕೈ ಅವರ ಕಣ್ಣಿಗೆ ಬೀಳಲೇ ಇಲ್ಲ. ನಾನು ಗಾಜು ತಟ್ಟಲು ಹೋದೆ.

“ಬೇಡ ಬಿಡೇ,” ಎಂದರು ಆಂಟಿ. “ಕಟ್ಟಡ ನೋಡ್ತಿದಾರೆ. ಮುಗಿಸಿ ಬರ್ಲಿ.” ಕೈ ಇಳಿಸಿ, ಕಿಟಕಿಯ ಪರದೆ ಎಳೆದರು.