ಡಿಕಾಕ್ಷನ್ ಹತ್ತಿದ ನಾಲಿಗೆ

ಮುಂಬಯಿಯ ಮುಲುಂಡಿನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ತಳಮಹಡಿಯಲ್ಲಿ ಮೋಹಿನಿ ಚೀನೀ ಪದ್ಧತಿಯಂತೆ ರೋಗ ಪರೀಕ್ಷಿಸಿ ಸೂಜಿ ಚಿಕಿತ್ಸೆ ಕೊಡುತ್ತಾರೆ. ಬಾಗಿಲ ಮೇಲೊಂದು ಚೀಟಿ: 'ಬರುವ ಒಂದು ಗಂಟೆ ಮೊದಲು ಕಾಫಿ, ಚಹಾ, ಎಲೆಯಡಿಕೆ ಬೇಡ.' ಬಣ್ಣ ಹತ್ತಿದರೆ ನಾಲಿಗೆಯನ್ನು ಓದಲಾಗುವುದಿಲ್ಲ.

ಈ ಪದ್ಧತಿಯಲ್ಲಿ ರೋಗಿಯ ಮುಖ, ನಾಲಿಗೆ ನೋಡಬೇಕು, ಅವನ ದನಿ, ವಾಸನೆ ಗಮನಿಸಬೇಕು, ಪ್ರಶ್ನೆ ಕೇಳಬೇಕು, ಕೊನೆಗೆ ಮೂರು ಬೆರಳಿಟ್ಟು ನಾಡಿ ಹಿಡಿಯಬೇಕು. ಒಂದೇ ಗುರುತನ್ನು ನಂಬುವಂತಿಲ್ಲ. ಆರು ವರ್ಷದ ಹಿಂದೆ ಒಂದು ದಿನ ಮೋಹಿನಿ ಈ ಕೊನೆಯದನ್ನು ಮಾಡದೆ ಬಿಟ್ಟರು.

ಅಂದು ಬಂದಿದ್ದವರು ಕೊರಗಪ್ಪ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಫಿ ಮಾಡುವವರು. ಗಳಿಗೆಗೊಮ್ಮೆ ಡಿಕಾಕ್ಷನ್ ರುಚಿ ನೋಡಿ ನೋಡಿ ನಾಲಿಗೆ ಸದಾ ಕಂದು. ತುಂಬ ಸುಸ್ತು ಎಂದರು.

"ಎಂತ ಕೊರಗಪ್ಪಣ್ಣ, ಚೀಟಿ ಓದ್ಲಿಲ್ವಾ? ಈ ನಾಲಿಗೆಯಲ್ಲಿ ನಿಮ್ಮ ಹೋಟೆಲೇ ಕಾಣ್ತದೆ."

"ಹಾಗಾದ್ರೆ ಒಂದು ದೋಸೆ ಹೇಳಿ ಮಾರಾಯ್ರೆ!"

ಇಬ್ಬರೂ ನಕ್ಕರು. ನಾಳೆ ಕಾಫಿ ಮುಟ್ಟದೆ ಬನ್ನಿ, ನಾಡಿಯನ್ನೂ ಆಗಲೇ ನೋಡಿದರಾಯಿತೆಂದು ಮೋಹಿನಿ ಕಳಿಸಿಬಿಟ್ಟರು. ಮರುದಿನ ಕಾಫಿ ಸೋಸುತ್ತಲೇ ಕೊರಗಪ್ಪ ಕುಸಿದರು. ಹೃದಯ ನಿಂತಿತ್ತು.

ನಾಡಿ ಹಿಡಿದಿದ್ದರೆ ತಿಳಿಯುತ್ತಿತ್ತೇ? ಮೋಹಿನಿಗೆ ಗೊತ್ತಿಲ್ಲ. ಅಂದಿನಿಂದ ಬೆಳಿಗ್ಗೆ ಕೋಣೆಯ ಬೀಗ ತೆರೆದರೆ ಡಿಕಾಕ್ಷನ್ ವಾಸನೆ. ಅಕ್ಕಪಕ್ಕ ವಿಚಾರಿಸಿದರು, ಎಲ್ಲರ ಮನೆಯಲ್ಲೂ ಚಹಾ. ಕಿಟಕಿ ತೆರೆದಿಟ್ಟರೂ ರೋಗಿಯ ಕುರ್ಚಿಯ ಬಳಿ ಅದು ಹೋಗುತ್ತಿರಲಿಲ್ಲ.

ಕಳೆದ ತಿಂಗಳು ಆ ಕುರ್ಚಿಯಲ್ಲಿ ಬಂದು ಕೂತವನು ಕೊರಗಪ್ಪನ ತಮ್ಮ ಶೇಖರ. ಈಗ ಅಣ್ಣನ ಕೆಲಸ ಅವನದು. ಸುಸ್ತು ಎಂದು ನಾಲಿಗೆ ಚಾಚಿದ. ಅದೇ ಕಂದು.

"ಅಣ್ಣನಿಗೆ ಬೈದ ಹಾಗೆ ನಂಗೂ ಬೈತೀರಾ ಅಕ್ಕಾ?"

ಮೋಹಿನಿ ನಗಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟರು. ನಾಡಿ ಅಲ್ಲಲ್ಲಿ ತಪ್ಪುತ್ತಿತ್ತು. ತಪ್ಪುತ್ತಿರುವುದು ತಮ್ಮದೇ ಬೆರಳಿನ ಬಡಿತ ಇರಬಹುದೇ? ಇನ್ನೊಂದು ಕೈಯಿಂದ ತಮ್ಮದೇ ಕುತ್ತಿಗೆಯ ಬಡಿತ ಹಿಡಿದು ಜೊತೆಜೊತೆಗೆ ಎಣಿಸಿದರು. ಅವರದು ಓಡುತ್ತಿತ್ತು, ಆದರೆ ತಪ್ಪುತ್ತಿರಲಿಲ್ಲ. ಅವನ ಎಡಗೈ, ಬಲಗೈ ಎರಡರಲ್ಲೂ ತಪ್ಪುತ್ತಿತ್ತು.

"ಏಳು, ಆಸ್ಪತ್ರೆಗೆ ಹೋಗುವ."

"ಇವತ್ತು ಹೋಟೆಲಲ್ಲಿ ರಶ್ ಉಂಟಕ್ಕಾ. ನಾಳೆ..."

"ನಾಳೆ ಅನ್ಬೇಡ!"

ಅವರೇ ರಿಕ್ಷಾ ಹಿಡಿದು ಕರೆದೊಯ್ದರು. ಇಸಿಜಿ ನೋಡಿದ ಡಾಕ್ಟರು ಶೇಖರನನ್ನು ಮನೆಗೆ ಬಿಡಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಶೇಖರನನ್ನು ಕಂಡು ಬಂದು ಮೋಹಿನಿ ಬೀಗ ತೆರೆದಾಗ ವಾಸನೆ ಅಲ್ಲೇ ಇತ್ತು. ಈ ಸಲ ಕಿಟಕಿ ತೆರೆಯಲಿಲ್ಲ. ಖಾಲಿ ಕುರ್ಚಿಯ ಎದುರು ಕೂತು ಮೆಲ್ಲಗೆ ಹೇಳಿದರು: "ತಮ್ಮ ಹುಷಾರಿದ್ದಾನೆ, ಕೊರಗಪ್ಪಣ್ಣ."