ಮರಿ ಕೊಡದ ದೇಸಾಯರು

ದೇಸಾಯರ ಶೆಡ್ಡಿನಲ್ಲಿ ಏಳು ಅಲ್ಸೇಷಿಯನ್ ನಾಯಿಗಳಿದ್ದವು. ಒಂದೂ ಬೊಗಳುತ್ತಿರಲಿಲ್ಲ. ತಗಡಿನ ಬಾಗಿಲು ಸರಿಸಿ ಒಳಗೆ ಕಾಲಿಟ್ಟವರನ್ನು ಏಳೂ ಎದ್ದು ನಿಂತು ನೋಡುತ್ತಿದ್ದವು, ಅಷ್ಟೆ. ಸುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಲೇಥುಗಳು ಕಿರುಚುತ್ತಿದ್ದರೂ ಆ ಬಾಗಿಲು ದಾಟಿದ ಕೂಡಲೇ ನಮ್ಮ ಉಸಿರು ನಮಗೇ ಕೇಳಿಸುತ್ತಿತ್ತು. ಮೊದಲ ಸಲ ಹೋದಾಗ ನನ್ನ ಹೆಂಡತಿ ವಸಂತ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಗಳು ಚಿತ್ರಾ ನನ್ನ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಅಂಜಬ್ಯಾಡ್ರಿ ಅಕ್ಕಾರ," ಎಂದು ಒಳಗಿನಿಂದ ದನಿ ಬಂತು. "ಬಾಜೂಕಿನ ಮಂದಿ ತಕರಾರು ಮಾಡ್ತಾರಂತ ನಾನಽ ಸುಮ್ಮ ಇರೋದು ಕಲಿಸೇನಿ."

ಅಂಧೇರಿ ಪಕ್ಕದ ಜೋಗೇಶ್ವರಿಯಲ್ಲಿ ಧಾರವಾಡದ ಕಡೆಯ ಕನ್ನಡ ಕೇಳಿದ ಸಂತೋಷದಲ್ಲಿ ನಾನು ಹೆದರಿಕೆಯನ್ನು ಅರ್ಧ ಮರೆತೆ. ಆಮೇಲೆ ತಿಳಿಯಿತು, ಆ ನಾಯಿಗಳಿಗೂ ಬರುತ್ತಿದ್ದುದು ಅದೊಂದೇ ಭಾಷೆ. "ಕುಂದ್ರು" ಎಂದರೆ ಕೂರುತ್ತಿದ್ದವು. "ತಡಿ" ಎಂದರೆ ಅನ್ನದ ತಟ್ಟೆ ಮೂಗಿನ ಮುಂದಿದ್ದರೂ ಬಾಯಿ ಹಾಕುತ್ತಿರಲಿಲ್ಲ. ಹಿಂದಿಯಲ್ಲಿ ಕರೆದವರನ್ನು ಗೋಡೆ ನೋಡಿದ ಹಾಗೆ ನೋಡುತ್ತಿದ್ದವು.

ದೇಸಾಯರು ಎತ್ತರದ ಆಳು. ಹಣೆಯ ಮೇಲೆ ವಿಭೂತಿ, ಮೈಮೇಲೆ ತೋಳಿನ ಬನಿಯನ್, ಮೊಣಕಾಲಿನ ತನಕ ಕಟ್ಟಿದ ಧೋತರ. ಬಟ್ಟೆ ಮಿಲ್ಲೊಂದರಲ್ಲಿ ಕಾವಲು ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರು. ಮಿಲ್ಲು ಮುಚ್ಚಿದಾಗ ಯಾರಿಗೂ ಬೇಡವಾದ ಎರಡು ನಾಯಿಗಳನ್ನು ಕರೆದುಕೊಂಡು ಬಂದು ಇಲ್ಲಿ ಶೆಡ್ಡು ಹಿಡಿದಿದ್ದರು. ಹುಟ್ಟಿದಾರಭ್ಯ ಮಾಂಸ ಮುಟ್ಟದ ಮನುಷ್ಯ, ದಿನಾ ಬೆಳಿಗ್ಗೆ ಹೊರಗೆ ಮೂರು ಕಲ್ಲು ಹೂಡಿ ದೊಡ್ಡ ಪಾತೆಲಿಯಲ್ಲಿ ಎಲುಬು, ಅಕ್ಕಿ, ಅರಿಸಿನ ಹಾಕಿ ಕುದಿಸುತ್ತಿದ್ದರು. ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೈಯಾಡಿಸುತ್ತಿದ್ದರು. ಆಮೇಲೆ ಸ್ನಾನ ಮಾಡಿ ತಮಗೆ ಎರಡು ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಮದುವೆಯಾಗಿತ್ತೇ, ಮಕ್ಕಳಿದ್ದರೇ ಎಂದು ಕೇಳುವ ಧೈರ್ಯ ನಮಗೆ ಕೊನೆಯವರೆಗೂ ಬರಲಿಲ್ಲ.

ನಮಗೆ ನಾಯಿ ಬೇಕಾದದ್ದು ಹೆದರಿಕೆಯಿಂದ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಮೈಸೂರಿನಿಂದ ಬಂದು ಅಂಧೇರಿಯಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ನನಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸ. ಪಕ್ಕದ ಬಿಲ್ಡಿಂಗಿನಲ್ಲಿ ಹೆಂಗಸೊಬ್ಬಳು ಮನೆಯಲ್ಲಿರುವಾಗಲೇ ಕಿಟಕಿಯ ಸರಳು ಬಗ್ಗಿಸಿ ಯಾರೋ ಒಳಗೆ ನುಗ್ಗಿದ್ದರು. ಅಂದಿನಿಂದ ವಸಂತಳಿಗೆ ನಿದ್ದೆಯಿಲ್ಲ. "ನಾಯಿಯೊಂದು ಇದ್ರೆ ಸಾಕು ಕಣ್ರೀ, ಜಾತಿ ನಾಯಿ, ನೋಡಿದ್ರೆ ಹೆದರಿಕೆ ಆಗೋಂಥದ್ದು," ಎಂದು ದಿನಾ ಹೇಳುತ್ತಿದ್ದಳು. ಪೇಪರಿನ ಸಣ್ಣ ಜಾಹೀರಾತು ನೋಡಿ ಒಬ್ಬನಿಗೆ ಫೋನು ಮಾಡಿದೆ. ಮನೆಗೆ ಬರುತ್ತೇವೆಂದರೆ ಒಪ್ಪಲಿಲ್ಲ. ಕುರ್ಲಾ ಸ್ಟೇಷನ್ನಿನ ಹೊರಗೆ ಕರೆದು, ರೆಕ್ಸಿನ್ ಚೀಲದ ಜಿಪ್ಪು ಸರಿಸಿ ಮರಿ ತೋರಿಸಿದ. ತಾಯಿ ಎಲ್ಲಿ ಎಂದರೆ "ಮಾ ಗಾಂವ್ ಮೇ ಹೈ ಸಾಬ್" ಎಂದ. ಚಿತ್ರಾ ಆಗಲೇ ಅದನ್ನು ಎದೆಗೆ ಅವಚಿಕೊಂಡಾಗಿತ್ತು. ವಾರ ತುಂಬುವುದರೊಳಗೆ ಮರಿ ರಕ್ತ ಭೇದಿಯಾಗಿ ಸತ್ತಿತು. ಒಂಬತ್ತು ವರ್ಷದ ಹುಡುಗಿ ಅಳಲಿಲ್ಲ. ಅದು ಮಲಗಿದ್ದ ಟವೆಲನ್ನು ತಾನೇ ಬಚ್ಚಲಿಗೆ ಒಯ್ದು ಬಹಳ ಹೊತ್ತು ಒಗೆಯುತ್ತ ಕೂತಿದ್ದಳು. ಮರಿಗೆ ಔಷಧ ಕೊಟ್ಟ ಡಾಕ್ಟರೇ ದೇಸಾಯರ ವಿಳಾಸ ಹೇಳಿದ್ದು. "ಕೊಡುವುದು ಬಿಡುವುದು ಅವರಿಷ್ಟ," ಎಂದೂ ಸೇರಿಸಿದ್ದರು.

ದೇಸಾಯರು ನಮ್ಮನ್ನು ಸ್ಟೂಲುಗಳ ಮೇಲೆ ಕೂರಿಸಿ ಸತ್ತ ಮರಿಯ ಕತೆಯನ್ನೆಲ್ಲ ಕೇಳಿಕೊಂಡರು. ಎಷ್ಟು ಕೋಣೆ, ಯಾರು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ, ಹಾಲು ಯಾರು ಕಾಯಿಸುತ್ತಾರೆ, ಎಲ್ಲ ಕೇಳಿದರು. ಆಮೇಲೆ ಇದ್ದಕ್ಕಿದ್ದಂತೆ, "ನಿಮ್ಮ ಮನ್ಯಾಗ ಯಾರು ಯಾರಿಗೆ ಹೊಡೀತಾರ?" ಎಂದರು.

ವಸಂತ ನಕ್ಕುಬಿಟ್ಟಳು. ದೇಸಾಯರು ನಗಲಿಲ್ಲ. ಚಿತ್ರಾಳ ಕಡೆ ತಿರುಗಿ ಉತ್ತರಕ್ಕೆ ಕಾದರು.

"ಅಮ್ಮ ಒಂದೊಂದ್ಸಲ ಬೆನ್ನಿಗೆ ಹೊಡೀತಾಳೆ. ಅಪ್ಪ ಬಾಗಿಲು ದಢಾರ್ ಅಂತ ಹಾಕ್ತಾನೆ," ಎಂದಳು ಚಿತ್ರಾ.

"ಖರೇ ಹೇಳಿದಿ ತಂಗಿ." ನಂತರ ನನ್ನತ್ತ ನೋಡಿ, "ಈಗ ನಿಮಗ ಮರಿ ಕೊಡಂಗಿಲ್ರಿ. ಆ ರೋಗ ನಿಮ್ಮ ಮನಿ ನೆಲದಾಗ ಉಳಕೊಂಡಿರ್ತೈತಿ. ಒಂದು ವರ್ಷ ಹೋಗ್ಲಿ. ಬೇಕಾದ್ರ ಐತವಾರಕ್ಕೊಮ್ಮೆ ಬರ್ರಿ, ಕೂಸು ದೊಡ್ಡ ನಾಯಿ ಜೋಡಿ ಇರೋದು ಕಲೀಲಿ. ಮರೀ ಹತ್ರ ಮಾತ್ರ ಹೋಗೂದು ಬ್ಯಾಡ."

ಹಾಗೆ ನಮ್ಮ ಭಾನುವಾರಗಳು ಜೋಗೇಶ್ವರಿಗೆ ಸೇರಿದವು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿ ಇರುತ್ತಿತ್ತು. ಚಪ್ಪಲಿ ಅದರಲ್ಲಿ ಅದ್ದಿ, ಕೈ ತೊಳೆದು ಒಳಗೆ ಹೋಗಬೇಕು. ಚಿತ್ರಾ ಹೆಣ್ಣು ನಾಯಿ ಗಂಗಿಯ ಬೆನ್ನು ಬಾಚುವುದನ್ನು ಕಲಿತಳು, ಅದರ ಜೊತೆಗೆ ದೇಸಾಯರ ಕನ್ನಡವನ್ನೂ. ಮರಿ ಕೊಳ್ಳಲು ಬಂದವರನ್ನು ದೇಸಾಯರು ಒಬ್ಬೊಬ್ಬರನ್ನಾಗಿ ವಾಪಸು ಕಳಿಸುವುದನ್ನು ನೋಡುವುದೇ ನಮಗೊಂದು ತಮಾಷೆಯಾಗಿತ್ತು. ಕಿವಿ ನೆಟ್ಟಗೆ ನಿಲ್ಲುತ್ತದೆಯೇ ಎಂದು ಕೇಳಿದ ಒಬ್ಬನಿಗೆ "ನಿಮ್ಮ ಮಕ್ಕಳ ಕಿವಿ ನೆಟ್ಟಗ ಅದಾವೇನು?" ಎಂದಿದ್ದರು. ಯಾಕೆ ಇಷ್ಟು ಕಠಿಣವೆಂದು ನಾವು ಕೇಳಲಿಲ್ಲ.

ವರ್ಷ ತುಂಬಲು ಬಂದಾಗ ಉತ್ತರ ಒಂದು ಭಾನುವಾರ ಕೆನೆಬಣ್ಣದ ಕಾರಿನಲ್ಲಿ ತಾನಾಗಿ ಬಂತು. ಬಿಳಿ ಸಫಾರಿ ತೊಟ್ಟ ಐವತ್ತರ ಮನುಷ್ಯ. ಎಲ್ಲರೂ ಸೇಠ್ ಎಂದು ಕರೆಯುವ ಪೈಕಿ. ಬಾಗಿಲಲ್ಲಿ ಚಪ್ಪಲಿ ಅದ್ದಲಿಲ್ಲ. ಅವನು ಒಳಗೆ ಬಂದಾಗ ನಾಯಿಗಳು ಎದ್ದು ನಿಲ್ಲಲಿಲ್ಲ. ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡವು.

"ದೇಸಾಯಿಜೀ, ದೋ ಬಚ್ಚೇ ಚಾಹಿಯೇ," ಎಂದು ಎರಡು ಮರಿ ಕೇಳಿದ, ಬಹಳ ಮೆತ್ತಗೆ.

"ನಹೀ ಹೈ."

ಪರದೆಯ ಹಿಂದೆ ಮರಿಗಳು ಕುಂಯ್‌ಗುಡುತ್ತಿದ್ದವು. ಸೇಠ್ ಅದನ್ನು ಕೇಳಿಸಿಕೊಳ್ಳುತ್ತ ಮುಗುಳ್ನಗುತ್ತ ನಿಂತ. ಚಿತ್ರಾಳ ಗಲ್ಲ ಮುಟ್ಟಿ ಹೆಸರೇನು, ಯಾವ ಶಾಲೆ ಎಂದು ಕೇಳಿದ. ಅವಳು ಹೇಳಲಿಲ್ಲ. "ಅಚ್ಛೀ ಬಚ್ಚೀ ಹೈ," ಎಂದು ನನಗೆ ಹೇಳಿ, "ಫಿರ್ ಆವೂಂಗಾ," ಎಂದು ದೇಸಾಯರಿಗೆ ಹೇಳಿ ಹೊರಟ.

ಕಾರಿನ ಸದ್ದು ಅಡಗಿದ ಮೇಲೆ ದೇಸಾಯರು ಕುಸಿದ ಹಾಗೆ ಕೂತರು. ಎರಡು ವರ್ಷದ ಹಿಂದೆ ಗಂಗಿಯ ಮೊದಲ ಸೂಲಿನ ಮರಿ ರಾಜಾನನ್ನು ಅವರು ಈ ಮನುಷ್ಯನಿಗೇ ಕೊಟ್ಟಿದ್ದರು. ಬಂಗಲೆ ಇದೆ, ತೋಟ ಇದೆ ಎಂದಿದ್ದ. "ನಾ ಏನೂ ಕೇಳಲಿಲ್ರಿ ಆವಾಗ. ಛಲೋ ಅರಿವಿ ಹಾಕ್ಯಾನ, ಛಲೋ ಮಾತಾಡ್ತಾನ ಅಂದ್ಕೊಂಡೆ." ಸೇಠ್ ಕುರ್ಲಾದಲ್ಲಿ ಒಂದು ಹಳೆಯ ಚಾಳು ಖರೀದಿಸಿದ್ದ. ಬಾಡಿಗೆಯವರು ಬಿಡಲೊಲ್ಲರು. ರಾಜಾನನ್ನು ಗೋದಾಮಿನ ಕತ್ತಲಲ್ಲಿ ಕಟ್ಟಿಹಾಕಿ, ಉಪವಾಸ ಕೆಡವಿ, ಹೊಡೆದು ಹೊಡೆದು ಮನುಷ್ಯರ ಮೇಲೆ ಏರುವಂತೆ ಮಾಡಿದ್ದ. ಸಂಜೆಯಾದರೆ ಅವನ ಆಳುಗಳು ನಾಯಿಯನ್ನು ಚಾಳಿನ ವರಾಂಡದಲ್ಲಿ ಅಡ್ಡಾಡಿಸುತ್ತಿದ್ದರು. ಹದಿನೈದು ದಿನದ ಹಿಂದೆ ಅದು ನಳದ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳ ತೊಡೆ ಹರಿದಿತ್ತು. ಅಂದೇ ಎರಡು ಕುಟುಂಬ ಮನೆ ಬಿಟ್ಟಿದ್ದವು. ಒಂದೇ ನಾಯಿಯಿಂದ ಇಷ್ಟಾದರೆ ಮೂರರಿಂದ ಎಷ್ಟಾದೀತು ಎಂಬುದು ಸೇಠ್‌ನ ಲೆಕ್ಕ.

"ನಾ ಅದನ್ನ ವಾಪಸ್ ತರಬೇಕ್ರಿ ಸಾಹೇಬ್ರ," ಎಂದರು ದೇಸಾಯರು. "ಅಲ್ಲಿ ಕಾವಲಿನವ ನಮ್ಮ ಮಿಲ್ಲಿನವನಽ. ಬಾಗಲಾ ತಗೀತೇನಿ ಅಂದಾನ. ನೀವು ಸುಮ್ಮ ಬಾಜೂಕ ನಿಂದರ್ರಿ ಸಾಕು. ಒಬ್ಬನಽ ಹೋಗಾಕ ಎದಿ ಗಟ್ಟಿ ಆಗವಲ್ದು."

ವಸಂತಳಿಗೆ ಹೇಳದೆ ಹೋದೆ. ಮಟಮಟ ಮಧ್ಯಾಹ್ನ. ಕುರ್ಲಾದ ಆ ಗಲ್ಲಿಯಲ್ಲಿ ಎಂದಿನ ಹಾಗೆ ಗದ್ದಲ, ಆದರೆ ಗೋದಾಮಿನ ಮುಂದಿನ ತುಂಡು ರಸ್ತೆಯಲ್ಲಿ ಒಂದು ಮಗುವೂ ಆಡುತ್ತಿರಲಿಲ್ಲ. ಕಾವಲಿನವನು ಬೀಗ ತೆಗೆದು, "ನಾನು ಊಟಕ್ಕೆ ಹೋಗಿದ್ದೆ, ನೋಡಿಲ್ಲ," ಎಂದು ಹಿಂದಿಯಲ್ಲಿ ಹೇಳಿ ತಿರುಗಿ ನೋಡದೆ ಹೋದ.

ಒಳಗೆ ಗೊಬ್ಬರದಂಥ ನಾತ. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಕಂಬಕ್ಕೆ ಕಟ್ಟಿದ್ದ ನಾಯಿ ಕಾಣಿಸಿತು. ಮೈಯೆಲ್ಲ ಎಲುಬು, ಕುತ್ತಿಗೆಯ ಸುತ್ತ ಸರಪಳಿ ಉಜ್ಜಿದ ಹುಣ್ಣು. ದೇಸಾಯರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಸರಪಳಿಯ ಅಳತೆಯೊಳಗೆ ನಡೆದು ಹೋದರು. "ರಾಜಾ," ಎಂದರು. ನಾಯಿ ಹಾರಿತು. ಅವರ ಎಡಗೈ ಅದರ ಬಾಯಲ್ಲಿತ್ತು.

ನಾನು ಕೂಗಿಕೊಂಡೆ. ದೇಸಾಯರು ಕೂಗಲಿಲ್ಲ, ಕೈಯನ್ನು ಎಳೆದುಕೊಳ್ಳಲೂ ಇಲ್ಲ. ಅದರ ಜೊತೆಗೇ ಮೆಲ್ಲಗೆ ನೆಲಕ್ಕೆ ಕೂತರು. "ನಾ ಅದೀನೋ ರಾಜಾ. ಗಂಗೀ ಮಗನ, ನಾ ಅದೀನಿ. ಯಾರೂ ಹೊಡ್ಯಂಗಿಲ್ಲ ಈಗ. ನಾ ಅದೀನಿ." ಧೋತರದ ಮೇಲೆ ರಕ್ತ ಇಳಿಯುತ್ತಿತ್ತು. ಅದೇ ಮಾತನ್ನು, ತೊಟ್ಟಿಲ ಮುಂದೆ ಆಡುವ ದನಿಯಲ್ಲಿ, ಮತ್ತೆ ಮತ್ತೆ ಆಡಿದರು. ಎಷ್ಟು ಹೊತ್ತಾಯಿತೋ. ನಾಯಿಯ ಹಲ್ಲು ಸಡಿಲಾಯಿತು. ಅದು ಹಿಂದೆ ಹಿಂದೆ ಸರಿದು ಕಂಬಕ್ಕೆ ಒತ್ತಿಕೊಂಡು, ನಿಂತಲ್ಲೇ ಉಚ್ಚೆ ಹೊಯ್ದು ಗಡಗಡ ನಡುಗತೊಡಗಿತು. ಆಗ ಮಾತ್ರ ದೇಸಾಯರ ಕಣ್ಣಲ್ಲಿ ನೀರು ಬಂತು.

ಟೆಂಪೋದಲ್ಲಿ ಬರುವಾಗ ನನ್ನ ಕರವಸ್ತ್ರ, ಅವರ ರುಮಾಲು ಎರಡೂ ಆ ಕೈಗೆ ಸಾಲಲಿಲ್ಲ. ರಾಜಾ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಆದರೆ ನಾನು ಸ್ವಲ್ಪ ಅಲುಗಿದರೂ ತುಟಿ ಮೇಲೆ ಸರಿದು ಹಲ್ಲು ಕಾಣುತ್ತಿತ್ತು. "ಮುಂದಿನ ಐತವಾರ ಬರಬ್ಯಾಡ್ರಿ. ನಾ ಹೇಳೂತನಕ ಯಾರೂ ಬರಬ್ಯಾಡ್ರಿ," ಎಂದರು ಇಳಿಯುವಾಗ.

ತಿಂಗಳು ಕಳೆಯಿತು. ಚಿತ್ರಾ ಪ್ರತಿ ಭಾನುವಾರ ಬಟ್ಟೆ ಹಾಕಿಕೊಂಡು ಕೂರುವಳು, ಮಧ್ಯಾಹ್ನ ಬದಲಿಸುವಳು. ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ದೇಸಾಯರು. ಎಡಗೈಗೆ ಇನ್ನೂ ಪಟ್ಟಿ. ಬಲತೋಳಿನಲ್ಲಿ ಕಂಬಳಿ, ಕಂಬಳಿಯೊಳಗೆ ಮರಿ. ಒಳಗೆ ಬಂದವರು ಮೊದಲು ಕಿಟಕಿಯ ಪರದೆ ಎಳೆದರು.

"ವರ್ಷ ಆತಲ್ರಿ, ನಿಮ್ಮ ನೆಲ ಈಗ ಸ್ವಚ್ಛ ಐತಿ," ಎಂದು ಮರಿಯನ್ನು ಚಿತ್ರಾಳ ಮಡಿಲಿಗೆ ಇಳಿಸಿದರು. "ಗಂಗೀ ಮಗಳು."

ಸೇಠ್ ಎರಡು ಸಲ ಬಂದು ಹೋಗಿದ್ದನಂತೆ. ಎರಡನೆಯ ಸಲ ದನಿ ಮೆತ್ತಗಿರಲಿಲ್ಲ. ರಾಜಾ ಬೇಕು, ಇಲ್ಲವೇ ಇರುವ ನಾಯಿಗಳೆಲ್ಲ ಬೇಕು. ಇಲ್ಲದಿದ್ದರೆ ಶೆಡ್ಡಿನ ಜೊತೆ ನಿನ್ನನ್ನೂ ಸುಡುತ್ತೇನೆ ಎಂದಿದ್ದ. ದೇಸಾಯರು ದಿನಕ್ಕೊಂದರಂತೆ ತಮ್ಮ ನಾಯಿಗಳನ್ನೂ ಮರಿಗಳನ್ನೂ ಕರೆದೊಯ್ದು, ತಾವು ನೋಡಿ ಕೇಳಿ ಮೆಚ್ಚಿದ ಮನೆಗಳಿಗೆ ಸೇರಿಸಿ ಬಂದಿದ್ದರು. ನಮ್ಮದು ಕೊನೆಯದು.

"ರಾಜಾ ಯಾರ ಮನೇಲಿದೆ?" ಎಂದು ಕೇಳಿದಳು ಚಿತ್ರಾ.

ದೇಸಾಯರು ವಸಂತ ಕೊಟ್ಟ ನೀರಿನ ಲೋಟವನ್ನು ಕೆಳಗಿಟ್ಟರು. "ಅದನ್ನ ಯಾರ ಮನೀಗೂ ಕೊಡಾಕ ಬರ್ತಿರಲಿಲ್ಲ ತಂಗಿ. ನನ್ನ ಬಿಟ್ಟು ಯಾರನ್ನ ಕಂಡ್ರೂ ಹಾರ್ತಿತ್ತು. ಡಾಕ್ಟರ್‌ನ ಕರಿಸಿದೆ. ತೊಡಿ ಮ್ಯಾಲೆ ಮಲಗಿಸ್ಕೊಂಡೆ. ಸೂಜಿ ಚುಚ್ಚೂಮುಂದ 'ತಡಿ' ಅಂದೆ. ತಡೀತು ನೋಡ್ರಿ. ಅಲ್ಲಾಡ್ಲಿಲ್ಲ."

ವಸಂತ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

"ಇನ್ನ ಮ್ಯಾಲೆ ನಾ ನಾಯಿ ಸಾಕಂಗಿಲ್ಲ," ಎಂದು ಅವರು ಎದ್ದರು. "ಇದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಬ್ಯಾಡ್ರಿ. ಅಂವಗ ಗೊತ್ತಾದ್ರ ಒಂದೊಂದಽ ಹುಡಕ್ತಾನ." ಯಾವ ಊರಿಗೆ ಹೋಗುತ್ತೀರಿ ಎಂದು ನಾನು ಕೇಳಿದೆ. "ನಿಮಗ ಗೊತ್ತಿಲ್ಲದಿದ್ರ ನಿಮ್ಮ ಬಾಯಿ ಯಾರೂ ಬಿಡಸಂಗಿಲ್ಲ," ಎಂದರು. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿನ ಕಡೆ ನಡೆದರು. ಊಟ ಮಾಡಿ ಹೋಗಿ ಎಂದು ವಸಂತ ಬಾಗಿಲಿಗೆ ಬರುವಷ್ಟರಲ್ಲಿ ಗೇಟು ದಾಟಿದ್ದರು.

ಕೆಲವು ದಿನದ ನಂತರ ನಾನೊಬ್ಬನೇ ಜೋಗೇಶ್ವರಿಗೆ ಹೋಗಿ ನೋಡಿದೆ. ತಗಡುಗಳು ಸುಟ್ಟು ಮುದುಡಿ ಬಿದ್ದಿದ್ದವು. ಎದುರಿನ ಲೇಥಿನವನು ನನ್ನನ್ನು ಕಂಡವನೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗೆ ಯಾರಾದರೂ ಇದ್ದರೇ ಎಂದು ಅವನನ್ನು ಕೇಳಬೇಕೆಂದಿದ್ದೆ. ದೇಸಾಯರು ಆ ಸಂಜೆ ನೇರವಾಗಿ ರೈಲು ಹತ್ತಿದರೆಂದೇ ನಾನು ವಸಂತಳಿಗೆ ಹೇಳಿದೆ. ನಾನೂ ಹಾಗೆಯೇ ನಂಬಿಕೊಂಡೆ.

ಮರಿ ಎತ್ತರಕ್ಕೆ ಬೆಳೆಯಿತು. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅಂಧೇರಿಯ ನಮ್ಮ ರಸ್ತೆಯಲ್ಲಿ ನಾನೂ ಚಿತ್ರಾಳೂ ಅದನ್ನು ಅಡ್ಡಾಡಿಸುತ್ತಿದ್ದಾಗ ಹೊಸ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಗಾಜು ಇಳಿಯಿತು. ಅದೇ ಸೇಠ್. ಕೂದಲು ನರೆತಿತ್ತು. ನಾಯಿಯ ತಲೆ, ಎದೆ, ಕಾಲು ಒಂದೊಂದನ್ನೇ ನೋಡಿದ. ನನ್ನನ್ನು ನೋಡಿದ. ಎಲ್ಲೋ ನೋಡಿದ ಮುಖವೆಂದು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು.

"ಬಢಿಯಾ ಕುತ್ತಾ ಹೈ. ಕಹಾಂ ಸೆ ಲಿಯಾ?" ಎಲ್ಲಿಂದ ತಂದದ್ದು ಎಂದು ಕೇಳಿದ.

"ರಸ್ತೇ ಪೇ ಮಿಲಾ," ಎಂದಳು ಚಿತ್ರಾ, ನಾನು ಬಾಯಿ ತೆರೆಯುವ ಮೊದಲು.

"ರಸ್ತೇ ಪೇ?"

"ಹಾಂ. ಕಚರಾಪೇಟಿ ಕೆ ಪಾಸ್." ಕಸದ ತೊಟ್ಟಿಯ ಹತ್ತಿರ ಸಿಕ್ಕಿತೆಂದು ಅವನ ಕಣ್ಣನ್ನೇ ನೋಡುತ್ತ ಹೇಳಿದಳು.

ಸೇಠ್ ಇನ್ನೊಂದು ಗಳಿಗೆ ನೋಡಿದ. ಆಮೇಲೆ ನಕ್ಕ. ಗಾಜು ಏರಿತು. ಕಾರು ಮುಂದೆ ಹೋಗಿ ತಿರುವಿನಲ್ಲಿ ಮರೆಯಾಗುವ ತನಕ ನಾವು ನಿಂತೇ ಇದ್ದೆವು. ಮನೆಯ ದಾರಿ ಬಿಟ್ಟು ಬೇರೆ ಬೇರೆ ಗಲ್ಲಿಗಳಲ್ಲಿ ಸುತ್ತಿ ಸುತ್ತಿ ವಾಪಸಾದೆವು. ಬಾಗಿಲು ಹಾಕಿಕೊಂಡ ಮೇಲೆ ನೋಡಿದರೆ ಬಾರು ಸುತ್ತಿಕೊಂಡಿದ್ದ ಚಿತ್ರಾಳ ಅಂಗೈ ನೀಲಿಗಟ್ಟಿತ್ತು.

"ದೇಸಾಯಿ ಅಜ್ಜಗೆ ಹೇಳ್ಬೇಕು ಅಪ್ಪ, ನಾನು ಹೇಳ್ಲಿಲ್ಲ ಅಂತ," ಎಂದಳು. ಹೇಳೋಣ ಎಂದೆ. ಯಾವ ಊರಿಗೆ ಹೋಗಿ ಹೇಳಬೇಕೆಂದು ಅವಳು ಕೇಳಲಿಲ್ಲ.