ಸಂತೆಯ ದಿನದ ಹಾಜರಿ

೧೯೮೧ರಲ್ಲಿ ನಾನು ಹುನಗುಂದ ತಾಲ್ಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಆಗ ನಮ್ಮದು ಬಿಜಾಪುರ ಜಿಲ್ಲೆ. ಊರಿನ ಹೆಸರು ಬೇಡ. ಹೇಳಿದರೆ ಹನಮವ್ವನ ಮನೆ ಯಾವುದೆಂದು ಗೊತ್ತಾಗಿಬಿಡುತ್ತದೆ. ನಾನು ಕೆರೂರಿನವನು, ಮೂವತ್ತೊಂದು ವಯಸ್ಸು. ಹೊಸ ನಕ್ಷತ್ರ ಹೆಗಲೇರಿದ್ದರಿಂದ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಹನಮವ್ವ ಇಳಕಲ್ಲಿನ ನೇಕಾರರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದವಳು. ಒಂದು ಮಧ್ಯಾಹ್ನ ಠಾಣೆಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. “ನನ್ನ ತಮ್ಮ ತಿರುಗಿ ಮನಿಗೆ ಬರಬೇಕಂತಾನ್ರಿ ಸಾಹೇಬ್ರ. ನಾ ಕರ್ಕೊಂಡು ಬರ್ತೇನಿ. ಅವನ್ನ ಉಳಸ್ಕೋತೀರೇನು?”

“ನನ್ನ ಮ್ಯಾಲೆ ಬಿಡವ್ವ” ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಅವಳ ತಮ್ಮ ಯಮನಪ್ಪ ಎರಡು ವರ್ಷದಿಂದ ಜಿಲ್ಲೆಯ ಗಡಿಯಾಚೆ ಬಂದೂಕು ಹಿಡಿದ ಒಂದು ಗುಂಪಿನಲ್ಲಿದ್ದ. ಅಕ್ಕನ ಜೊತೆ ಬಂದು ಶರಣಾದ ಮೇಲೆ ಹೇಳಿಕೆ ಬರೆದುಕೊಳ್ಳುವಾಗ, ಯಾಕೆ ಹೋದೆ ಎಂದು ಕೇಳಿದೆ. ಕಲ್ಲಿನ ಕ್ವಾರಿಯಲ್ಲಿ ಅವನಪ್ಪನ ಕಾಲ ಮೇಲೆ ಬಂಡೆ ಉರುಳಿತ್ತು. ಅಂಥವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಮಾಲೀಕ ಕೈ ತೊಳೆದುಕೊಂಡ. ಯಮನಪ್ಪ ದೂರು ಕೊಡಲು ನಮ್ಮ ಠಾಣೆಗೇ ಎರಡು ಸಲ ಬಂದಿದ್ದ. ಎರಡು ಸಲವೂ ಹೊರಗೆ ಕಟ್ಟೆಯ ಮೇಲೆ ಕೂಡಿಸಿ, ಸಂಜೆ ಕಳಿಸಿದ್ದರು. ಅದು ನಾನು ಬರುವ ಮೊದಲಿನ ಮಾತು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊನೆಗೆ ಚಹಾದಂಗಡಿಯಲ್ಲಿ ಸಿಕ್ಕ ಅಪರಿಚಿತನೊಬ್ಬ ಅರ್ಜಿ ಬರೆದುಕೊಟ್ಟನಂತೆ.

“ಹುಟ್ಟಿದಾಗಿಂದ ಎಲ್ಲಾರೂ ನಂಗ ‘ಬಾ ಲೇ’ ಅಂದವ್ರರಿ. ಅವ ಒಬ್ಬನ ‘ಬರ್ರಿ’ ಅಂದ. ಅವನ ಹಿಂದ ಹ್ವಾದೆ.”

ಯಮನಪ್ಪ ಮೊದಲು ಗುಂಪಿನವರಿಗೆ ಚೀಟಿ ಮುಟ್ಟಿಸಿದ, ಆಮೇಲೆ ಬುತ್ತಿ, ಆಮೇಲೆ ಬಂದೂಕು. ಒಂದು ದಿನ ಆ ಗುಂಪು, ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಸಂಶಯದ ಮೇಲೆ ಹಳ್ಳಿಯ ಚಾವಡಿಯಲ್ಲಿ ಓಲೆ ಮುಟ್ಟಿಸುವ ಓಲೇಕಾರನೊಬ್ಬನನ್ನು ಹೊಡೆದು ಕೊಂದಿತು. ಹೊಡೆಯುವಾಗ ಅವನ ಕೈ ಹಿಡಿದುಕೊಂಡು ನಿಂತವನು ಯಮನಪ್ಪ. “ನಾ ಏನೂ ಹೇಳಿಲ್ಲೋ ಯಪ್ಪಾ ಅಂತಿದ್ದರಿ ಅಂವ” ಎನ್ನುವಾಗ ತನ್ನ ಅಂಗೈಯನ್ನೇ ನೋಡುತ್ತಿದ್ದ. ಅದಾದ ಮೇಲೆ ಅವನಿಗೆ ಅಲ್ಲಿ ಅನ್ನ ಇಳಿಯಲಿಲ್ಲ.

ತಾನಾಗಿ ಶರಣಾದವನೆಂದು ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ವಾರಕ್ಕೊಮ್ಮೆ ಠಾಣೆಗೆ ಬಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಇದಕ್ಕೆ ಹಾಜರಿ ಎನ್ನುತ್ತಾರೆ. ದಿನ ಗೊತ್ತುಮಾಡುವುದು ನನಗೆ ಬಿಟ್ಟದ್ದು. ನಮ್ಮ ಕಡೆ ಚೌರದಿಂದ ಹಿಡಿದು ಹೆಣ್ಣು ನೋಡುವ ಮಾತಿನವರೆಗೆ ಎಲ್ಲ ಕೆಲಸಕ್ಕೂ ಸಂತೆಯ ದಿನವೇ. ಹೇಗೂ ಸಂತೆಗೆ ಬರುತ್ತಾನೆ, ಅಂದೇ ಬರಲಿ ಎಂದೆ. ನನ್ನ ಕೈಗೆ ಶರಣಾದವನನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಹೆಡ್ ಕಾನ್‌ಸ್ಟೇಬಲ್ ಇಮಾಮಸಾಬ ತಲೆ ಕೆರೆದುಕೊಂಡ. “ಸಂತಿ ದಿನ ಮಂದಿ ಕಣ್ಣು ಭಾಳ್ರಿ ಸಾಹೇಬ್ರ.”

“ಸಂತಿಗೆ ಬಂದವ್ರು ಉಳ್ಳಾಗಡ್ಡಿ ನೋಡ್ತಾರೋ ಇವನ್ನ ನೋಡ್ತಾರೋ?” ಎಂದು ನಕ್ಕೆ.

ಅಷ್ಟಕ್ಕೇ ನಿಲ್ಲಲಿಲ್ಲ. ಯಮನಪ್ಪನ ಆ ‘ಬರ್ರಿ’ಯ ಮಾತು ನನ್ನ ಮನಸ್ಸಿಗೆ ನಾಟಿತ್ತಲ್ಲ, ಪ್ರತಿ ವಾರ ಪಡಸಾಲೆಯಿಂದಲೇ ಗಟ್ಟಿಯಾಗಿ, “ಬರ್ರಿ ಯಮನಪ್ಪ, ಕೂಡ್ರಿ” ಎಂದು ಕುರ್ಚಿ ಹಾಕಿಸಿ ಚಹಾ ಕೊಡಿಸುತ್ತಿದ್ದೆ. ದೊಡ್ಡ ಮನಸ್ಸು ಮಾಡಿದ್ದೇನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಲ್ಲು ಒಡೆಯುವವನ ಮಗನಿಗೆ ಫೌಜದಾರ ‘ಬರ್ರಿ’ ಅಂದರೆ ಜನ ಏನು ತಿಳಿಯುತ್ತಾರೆ? ಇವನು ಪೊಲೀಸರಿಗೆ ಸುದ್ದಿ ಕೊಡುತ್ತಾನೆ ಎಂದೇ. ಅಂಥವರಿಗೆ ಗುಂಪು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೈಯಾರೆ ಬರೆದುಕೊಂಡಿದ್ದೆ.

ನಾಲ್ಕನೆಯ ವಾರ ಅವನು ಚಹಾ ಮುಟ್ಟಲಿಲ್ಲ. “ಬ್ಯಾರೆ ದಿನ ಕೊಡ್ರಿ ಸಾಹೇಬ್ರ. ಮಂದಿ ಮಾತಾಡಾಕತ್ತಾರ.” ಒಮ್ಮೆ ಗೊತ್ತುಮಾಡಿದ ದಿನ ಬದಲಿಸಬೇಕಾದರೆ ಮೇಲಿನವರಿಗೆ ಕಾರಣ ಬರೆಯಬೇಕು. ನಾನು ಮೆತ್ತಗಾದೆನೆಂದು ತಿಳಿದಾರು ಎಂದು ಅಂಜಿದೆ. “ನೋಡೋಣಂತ” ಎಂದೆ. ಐದನೆಯ ವಾರವೂ ಕೇಳಿದ. ಆಗಲೂ ಅದೇ ಉತ್ತರ.

ಆರನೆಯ ವಾರ ಹನಮವ್ವ ಒಬ್ಬಳೇ ಬಂದಳು. ಮೂರು ದಿನದ ಹಿಂದೆ ಯಮನಪ್ಪ ಮನೆ ಬಿಟ್ಟಿದ್ದ. “ನಾ ಏನೂ ಹೇಳಿಲ್ಲಂತ ಗುಂಪಿನವರಿಗೆ ತಿಳಿಸಿ ಬರ್ತೇನಿ ಅಂದ. ತಡದ್ರೂ ನಿಲ್ಲಲಿಲ್ಲ.” ಹಿಂದಿನ ಸಂಜೆ ಗಡಿಯಾಚೆಯ ಹಳ್ಳದಲ್ಲಿ ಅವನ ಹೆಣ ಸಿಕ್ಕಿತ್ತು.

ಅವಳು ಅಳಲಿಲ್ಲ, ಬೈಯಲಿಲ್ಲ. ಹಾಜರಿ ಪುಸ್ತಕ ತೆಗೆಯಲು ಹೇಳಿದಳು. “ಬ್ಯಾರೆ ದಿನ ಕೇಳಿದ್ದ, ನೀವು ಕೊಡಲಿಲ್ಲ. ಅದನ್ನ ಬರೀರಿ ಇದರಾಗ.”

ಅವಳು ಹೋಗುವವರೆಗೆ ಏನೂ ಬರೆಯಲಿಲ್ಲ. ಆಮೇಲೆ ‘ಗೈರುಹಾಜರು’ ಎಂದು ಬರೆದು ಸಹಿ ಹಾಕಿದೆ.

ಮುಂದೆ ಬೇರೆ ಊರುಗಳಲ್ಲಿ ಹಾಗೆ ಹಿಂತಿರುಗಿದವರನ್ನು ಯಾರ ಕಣ್ಣಿಗೂ ಬೀಳದಂತೆ ನಾನೇ ಹೋಗಿ ಕಂಡೆ. ಮರಳಿ ಬಂದವನನ್ನು ಮೆರೆಸಬಾರದು, ಅವನ ಪಾಡಿಗೆ ಬದುಕಲು ಬಿಡಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಕಲಿಕೆಯ ಬೆಲೆ ಕೊಟ್ಟವನು ಮಾತ್ರ ನಾನಲ್ಲ. ಹನಮವ್ವ ಹೇಳಿದ್ದನ್ನು ಅಂದು ಬರೆಯಲಿಲ್ಲ, ಇಂದು ಬರೆಯುತ್ತಿದ್ದೇನೆ: ಯಮನಪ್ಪ ಬೇರೆ ದಿನ ಕೇಳಿದ್ದ. ನಾನು ಕೊಡಲಿಲ್ಲ.